ದೊಡ್ಡಮ್ಮನ ಬದಿಯ ವಿಂಚ್

ದೊಡ್ಡಮ್ಮ ದೋಣಿಗೆ ಬರುವುದನ್ನು ಬಿಟ್ಟದ್ದು ನನ್ನಿಂದ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡಪ್ಪ ಬಿಸಿಲಿನ ಮೇಲೆ ಹಾಕಿದರು, ದೊಡ್ಡಮ್ಮ ತನ್ನ ಮೊಣಕಾಲಿನ ಮೇಲೆ ಹಾಕಿದಳು. ನನಗೆ ಮಾತ್ರ ಯಾವುದರ ಮೇಲೂ ಹಾಕಲು ಬರಲಿಲ್ಲ. ದೋಣಿಗೆ ತೂತು ಕೊರೆದ ಡ್ರಿಲ್ ನನ್ನ ಕೈಯಲ್ಲೇ ಇತ್ತು.

ಮೊದಲು ದೋಣಿಯ ವಿಷಯ ಹೇಳಿಬಿಡುತ್ತೇನೆ. ಕುಂದಾಪುರದ ಕಡೆಯ ಹೊಳೆದಂಡೆಯಿಂದ ಹುಡುಗನಾಗಿ ನಾಸಿಕಕ್ಕೆ ಬಂದ ದೊಡ್ಡಪ್ಪ ಬಹಳ ವರ್ಷ ಇಲ್ಲಿ ಇಡ್ಲಿ-ದೋಸೆಯ ಹೋಟೆಲು ನಡೆಸಿದರು. ಅದನ್ನು ನನ್ನ ಅಣ್ಣನಿಗೆ ವಹಿಸಿಕೊಟ್ಟ ಮೇಲೆ ಅವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವರ ವಯಸ್ಸಿನವರೆಲ್ಲ ಕಾಶಿಗೆ ಹೋದರು. ಇವರು ಮುಂಬೈಗೆ ಹೋಗಿ, ಯಾರೋ ಮಾರಲಿಟ್ಟಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಲಾರಿಗೆ ಹೇರಿಸಿ, ಕಸಾರಾ ಘಾಟು ಹತ್ತಿಸಿ ತಂದು ಗಂಗಾಪುರ ಅಣೆಕಟ್ಟಿನ ಹಿನ್ನೀರಿಗೆ ಇಳಿಸಿದರು. ಸಮುದ್ರದ ದೋಣಿಗೆ ಇಲ್ಲೇನು ಕೆಲಸ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: “ಸಮುದ್ರದ ಬದಿಯವ್ನಿಗೇ ಇಲ್ಲಿ ಕೆಲ್ಸ ಸಿಕ್ಕಿತ್, ದೋಣಿಗೆ ಸಿಕ್ಕೂದಿಲ್ಯಾ?”

ದೋಣಿಯ ಹಿಂಭಾಗದಲ್ಲಿ ನಾಲ್ಕು ಜನ ಕೂರುವಷ್ಟು ಜಾಗ. ಅದರ ಎಡಬಲಕ್ಕೆ ಒಂದೊಂದು ವಿಂಚ್, ಬೋರಲು ಹಾಕಿದ ಚೊಂಬಿನಂಥ ಲೋಹದ ಉರುಳೆ. ಮುಂದಿನ ಹಾಯಿಯ ಹಗ್ಗವನ್ನು ಅದಕ್ಕೆ ಸುತ್ತಿ, ನೆತ್ತಿಯ ಕುಳಿಗೆ ಹಿಡಿಕೆ ಸಿಕ್ಕಿಸಿ ತಿರುಗಿಸಿದರೆ, ಬರಿಗೈಗೆ ಬಗ್ಗದ ಹಾಯಿಯೂ ಬಿಗಿದುಕೊಳ್ಳುತ್ತದೆ. ಗಾಳಿ ಎದುರಿಗಿದ್ದರೆ ದೋಣಿ ನೇರ ಹೋಗುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ಹಾಗೆ ಹೊರಳಿದಾಗೆಲ್ಲ ಒಂದು ಬದಿಯ ಹಗ್ಗ ಬಿಟ್ಟು ಇನ್ನೊಂದು ಬದಿಯದನ್ನು ಬಿಗಿಯಬೇಕು. ಚುಕ್ಕಾಣಿ ದೊಡ್ಡಪ್ಪನದು. ವಿಂಚ್ ದೊಡ್ಡಮ್ಮನದು.

ಅವಳಿಗೆ ಅದನ್ನು ಯಾರೂ ಕಲಿಸಿದ್ದಲ್ಲ. ಮೊದಲ ದಿನ ದೊಡ್ಡಪ್ಪ ಹಿಡಿಕೆ ತಿರುಗಿಸುತ್ತ ಏದುಸಿರು ಬಿಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕುಳಿತು, “ಇದೆಂತ, ಅರೆ ಕಲ್ಲೇ ಅಲ್ದಾ? ಇತ್ಲಾಗೆ ಕೊಡಿ” ಎಂದು ಹಿಡಿಕೆ ಕಸಿದುಕೊಂಡಳು. ಅಂದಿನಿಂದ ದೊಡ್ಡಪ್ಪ ಅದನ್ನು ಮುಟ್ಟಿದ್ದೇ ಇಲ್ಲ.

ಅರೆಯುವ ಕಲ್ಲು ಎಂದದ್ದು ಸುಮ್ಮನೆ ಅಲ್ಲ. ಹೋಟೆಲಿನ ಮೊದಲ ವರ್ಷಗಳಲ್ಲಿ ಇಡ್ಲಿಯ ಹಿಟ್ಟೆಲ್ಲ ಅವಳ ಕೈಯದೇ. ಮೇಲಿನ ಕೋಣೆಗಳಲ್ಲಿ ಎರಡು ಸಂಸಾರ ಒಟ್ಟಿಗಿದ್ದೆವು. ಚಿಕ್ಕ ಹುಡುಗಿ ನಾನು ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ-ಮರಾಠಿ ಕಲಸಿ ಮಾತಾಡಿ, ಸಂಜೆ ಅವಳ ಕಲ್ಲಿನ ಎದುರು ಬಂದು ಕೂರುತ್ತಿದ್ದೆ. ಅವಳು ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಹಿಟ್ಟು ಒಳಕ್ಕೆ ನೂಕುತ್ತ ಊರಿನ ಕಥೆ ಹೇಳುತ್ತಿದ್ದಳು. ನನ್ನ ಕನ್ನಡವೆಲ್ಲ ಆ ಕಲ್ಲಿನ ಸುತ್ತ ತಿರುಗಿ ಬಂದದ್ದೇ. ಮಾತಿನ ನಡುವೆ ಕಲ್ಲು ತುಸು ನಿಂತರೆ ಏನೋ ಮುಖ್ಯವಾದದ್ದು ಬರುತ್ತದೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಕರೆಂಟಿನ ಗ್ರೈಂಡರ್ ಬಂತು. ಅದರ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹಿಟ್ಟು ರುಬ್ಬಲು ಒಬ್ಬ ಆಳು ಸಾಕಾಯಿತು. ದೊಡ್ಡಮ್ಮ ಮೇಲಿನ ಮನೆಗೆ ಸೀಮಿತಳಾದಳು. ಆಗ ನನಗೆ ಅದೇನೂ ಅನ್ನಿಸಿರಲಿಲ್ಲ. ಕಥೆ ನಿಂತುಹೋಯಿತಲ್ಲ ಎಂದು ನನ್ನ ಲೆಕ್ಕಕ್ಕೆ ಬೇಜಾರಾದದ್ದು ಅಷ್ಟೇ.

ದೋಣಿಯಲ್ಲಿ ಆ ಕಥೆಗಳು ಮತ್ತೆ ಶುರುವಾದವು. ವಿಂಚ್ ತಿರುಗುವಾಗ ಒಳಗಿನ ಹಲ್ಲುಗಳು ಟಕಟಕ ಎನ್ನುತ್ತವೆ, ಆ ಸದ್ದಿನ ಮೇಲೆ ಮಾತು ಹೊಂದಿಸಿಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ. ಕಥೆ ಬಿಗಿಯಾದ ಜಾಗಕ್ಕೆ ಬರುವಾಗಲೇ ದೊಡ್ಡಪ್ಪ “ತಿರ್ಗಿಸ್ತೆ” ಎಂದು ಚುಕ್ಕಾಣಿ ಹೊರಳಿಸುವರು. ಇವಳು ಮಾತು ಬಿಟ್ಟು ಹಗ್ಗ ಹಿಡಿಯುವಳು. ಬೇಕಂತಲೇ ಮಾಡ್ತಾರೆ ಎಂದು ನಾನು ಗೊಣಗುತ್ತಿದ್ದೆ. ಹೋದ ಚಳಿಗಾಲದಲ್ಲಿ ಅವಳು ಹೇಳುತ್ತಿದ್ದದ್ದು ಅವಳ ಅಜ್ಜಿ ಮದುವೆಯಾಗಿ ಗಂಡನ ಮನೆಗೆ ಹೊಳೆ ದಾಟಿದ ಕಥೆ. ತವರಿನವರು ಕೊಟ್ಟ ಕರು ದೋಣಿ ಹತ್ತಲು ಒಪ್ಪದೆ, ದೋಣಿ ಹತ್ತಿ ಕೂತ ಮದುಮಗಳೊಬ್ಬಳನ್ನು ಬಿಟ್ಟು ದಿಬ್ಬಣವೆಲ್ಲ ದಂಡೆಯಲ್ಲಿ ನಿಂತಿತ್ತು. ಉಬ್ಬರದ ನೀರು ಏರುತ್ತಿತ್ತು.

ನಾನಿರುವುದು ಸಂಭಾಜಿನಗರದಲ್ಲಿ. ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಜೋಡಣೆ ಸಾಲಿನ ಯಂತ್ರಗಳ ಮೋಟರು ನೋಡಿಕೊಳ್ಳುವ ಕೆಲಸ. ರಜೆ ಸಿಕ್ಕಾಗ ಮನ್ಮಾಡಿನ ಮೇಲಿನ ರೈಲು ಹಿಡಿದು ನಾಸಿಕಕ್ಕೆ ಹೋಗುತ್ತೇನೆ. ಅಂಥದೊಂದು ಭಾನುವಾರ ದೊಡ್ಡಮ್ಮ ಹಗ್ಗ ಬಿಗಿದು ಮುಗಿಸಿ, ನಾವು ಆಚೆ ನೋಡುತ್ತಿದ್ದೇವೆಂದುಕೊಂಡು, ಬಲಭುಜವನ್ನು ಎಡಗೈಯಿಂದ ಹಿಸುಕಿಕೊಂಡಳು. ಮುಖದಲ್ಲಿ ನೋವಿತ್ತು. ನನಗೆ ನಾಚಿಕೆಯಾಯಿತು. ಗಟ್ಟಿಮುಟ್ಟಾದ ನಾನು ಕುಳಿತು ನೀರುದೋಸೆ ತಿನ್ನುತ್ತ ಕಥೆ ಕೇಳುವುದು, ಎಪ್ಪತ್ತು ದಾಟಿದವಳು ವಿಂಚ್ ತಿರುಗಿಸುವುದು. ದಿನವಿಡೀ ಮೋಟರುಗಳ ನಡುವೆ ಇರುವವಳಿಗೆ ಇದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದುಕೊಂಡೆ.

ದಂಡೆಗೆ ಬಂದ ಮೇಲೆ ದೊಡ್ಡಪ್ಪನನ್ನು ಬದಿಗೆ ಕರೆದು ಹೇಳಿದೆ. ಅವರ ಕಣ್ಣು ಮಿನುಗಿತು. ಹೊಸ ಯಂತ್ರವೆಂದರೆ ಅವರಿಗೆ ಮೊದಲಿನಿಂದಲೂ ಆಸೆ. ಇಬ್ಬರೂ ಅಲ್ಲೇ ತೀರ್ಮಾನಿಸಿಬಿಟ್ಟೆವು. ದೊಡ್ಡಮ್ಮ ಅಷ್ಟು ದೂರದಲ್ಲಿ ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು. ಕರೆದಿದ್ದರೆ ಕೇಳುತ್ತಿತ್ತು.

ಕೆಲಸ ನಾನು ಚೆನ್ನಾಗಿಯೇ ಮಾಡಿದೆ. ಅದನ್ನು ಹೇಳಿಕೊಳ್ಳಲು ಈಗ ಹಿಂಸೆ. ಅಳತೆಗೆಂದು ಹಿಡಿಕೆಗಳೆರಡನ್ನೂ ಸಂಭಾಜಿನಗರಕ್ಕೆ ಒಯ್ದೆ. ಬ್ಯಾಟರಿಯ ಮೇಲೆ ಓಡುವ ಮೋಟರು, ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರು, ಎರಡನ್ನೂ ಪ್ರತಿ ವಿಂಚಿನ ಕೆಳಗೆ ಕಾಣದ ಹಾಗೆ ಕೂರಿಸಿದೆ. ದಪ್ಪ ತಂತಿಗಳನ್ನು ಒಳಗಿನ ಬ್ಯಾಟರಿ ಪೆಟ್ಟಿಗೆಯವರೆಗೆ ಎಳೆದು, ತೂತುಗಳಿಗೆಲ್ಲ ನೀರು ಇಳಿಯದಂತೆ ಅಂಟು ತುಂಬಿದೆ. ಹಿಡಿಕೆ ಸಿಕ್ಕಿಸುವ ಕುಳಿ ಇನ್ನೇಕೆ ಎಂದು ಮುಚ್ಚಳ ಹಾಕಿ ಬಿಗಿದೆ. ಸ್ವಿಚ್ಚುಗಳನ್ನು ಎಲ್ಲಿಡುವುದೆಂದು ಯೋಚಿಸಿ, ದೊಡ್ಡಪ್ಪ ಕೂತಲ್ಲಿಂದಲೇ ಒತ್ತುವಂತೆ ಎರಡನ್ನೂ ಚುಕ್ಕಾಣಿಯ ಪಕ್ಕಕ್ಕಿಟ್ಟೆ. ಒಬ್ಬರೇ ಇದ್ದರೂ ದೋಣಿ ನಡೆಯಬೇಕು, ಅದೇ ಅನುಕೂಲ ಎಂಬುದು ನನ್ನ ಎಣಿಕೆ. ಕಾರ್ಖಾನೆಯಲ್ಲಿ ನಾನು ಮಾಡುವುದೂ ಅದನ್ನೇ. ಇಬ್ಬರು ನಿಲ್ಲುವ ಜಾಗದಲ್ಲಿ ಒಬ್ಬರು ಸಾಕಾದರೆ ನನ್ನನ್ನು ಕರೆದು ಹೊಗಳುತ್ತಾರೆ.

ಮೊದಲ ಸಲ ನೀರಿಗಿಳಿದ ದಿನ ಗಾಳಿ ಹದವಾಗಿತ್ತು. ದೊಡ್ಡಮ್ಮ ಎಂದಿನಂತೆ ಸೆರಗು ಸಿಕ್ಕಿಸಿ ತನ್ನ ಜಾಗದಲ್ಲಿ ಕುಳಿತಳು. ದೊಡ್ಡಪ್ಪ “ತಿರ್ಗಿಸ್ತೆ” ಎಂದರು. ಅವಳ ಕೈ ಹಿಡಿಕೆ ಇರುತ್ತಿದ್ದ ಜಾಗಕ್ಕೆ ಹೋಯಿತು. ಅಷ್ಟರಲ್ಲಿ ಅವರು ಗುಂಡಿ ಒತ್ತಿಯಾಗಿತ್ತು. ವಿಂಚ್ ಗುರ್ರೆಂದು ತಿರುಗಿ ಹಗ್ಗವನ್ನು ನುಂಗಿತು. ಹಾಯಿ ಬಿಗಿಯಿತು. ದೊಡ್ಡಪ್ಪ ಮಗುವಿನ ಹಾಗೆ ನಕ್ಕರು.

“ಇನ್ನ್ ನಿಂಗೆ ಪೆನ್ಶನ್. ಆರಾಮಾಗಿ ಕೂಕೊ” ಎಂದರು ಅವಳಿಗೆ.

ಅವಳೂ ನಕ್ಕಳು. ಆಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದವಳಂತೆ ಬುತ್ತಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡು ಅದರ ಕಿವಿ ಹಿಡಿದು ಕುಳಿತಳು. ನಾನು ಅದನ್ನು ನೋಡಿದೆ. ನೋಡಿಯೂ ಮೊಬೈಲಿನಲ್ಲಿ ವಿಂಚಿನ ವಿಡಿಯೋ ಮಾಡುತ್ತಿದ್ದೆ, ಶೇಂದ್ರಾದ ಗೆಳತಿಯರಿಗೆ ತೋರಿಸಲೆಂದು. ಆ ಕರುವಿನ ಕಥೆ ಏನಾಯಿತು ಎಂದು ಕೇಳಿದ್ದಕ್ಕೆ, ಈ ಗುರ್ರಿನಲ್ಲಿ ಎಂತ ಕಥೆ ಮಗಾ, ಇನ್ನೊಮ್ಮೆ ಹೇಳುವ ಎಂದಳು.

ಇನ್ನೊಮ್ಮೆ ಬರಲಿಲ್ಲ. ಮುಂದಿನ ಭಾನುವಾರ ಅವಳಿಗೆ ಮೊಣಕಾಲು. ಅದರ ಮುಂದಿನದಕ್ಕೆ ಹಪ್ಪಳ ಒಣಗಿಸುವುದಿತ್ತು. ದೊಡ್ಡಪ್ಪ ಕೆಲವು ವಾರ ಒಬ್ಬರೇ ಹೋಗಿ ಬಂದರು. ದಂಡೆಯಲ್ಲಿ ಕಾಕಾ ಕಾಕಾ ಎಂದು ಸುತ್ತಿಕೊಂಡ ಜನಕ್ಕೆ ಗುಂಡಿ ಒತ್ತಿ ತೋರಿಸಿದರು. ಆಮೇಲೆ ಅವರಿಗೂ ಬಿಸಿಲು ಹೆಚ್ಚಾಯಿತು. ಫೋನಿನಲ್ಲಿ ದೋಣಿ ಹೇಗಿದೆ ಎಂದರೆ ಚೆನ್ನಾಗಿದೆ, ಟಾರ್ಪಾಲು ಹೊದಿಸಿದ್ದೇನೆ ಎನ್ನುತ್ತಿದ್ದರು.

ಹಿಡಿಕೆಗಳಿನ್ನೂ ಕಾರ್ಖಾನೆಯಲ್ಲಿ ನನ್ನ ಮೇಜಿನ ಖಾನೆಯಲ್ಲಿದ್ದವು. ಇಕ್ಕಳ ಹುಡುಕಲು ಖಾನೆ ಎಳೆದಾಗೆಲ್ಲ ಅವು ಮುಂದಕ್ಕೆ ಉರುಳಿ ಬಂದು ತಗಲುತ್ತಿದ್ದವು. ಒಂದರ ಮರದ ಹಿಡಿ ಸವೆದು ನುಣುಪಾಗಿತ್ತು, ಅವಳು ಕೂರುತ್ತಿದ್ದ ಎಡಬದಿಯದು. ಅದನ್ನು ಖಾನೆಯ ಹಿಂದಕ್ಕೆ ನೂಕಿ, ಮುಂದೆ ಒಂದು ಚಿಂದಿ ಅಡ್ಡ ಇಟ್ಟೆ. ಅದರಿಂದೇನೂ ಆಗಲಿಲ್ಲ.

ಕೊನೆಗೆ ಒಂದು ಉಪಾಯ ಹೂಡಿಕೊಂಡು ನಾಸಿಕಕ್ಕೆ ಹೋದೆ. ಸ್ವಿಚ್ಚುಗಳನ್ನು ಚುಕ್ಕಾಣಿಯಿಂದ ಕಿತ್ತು ಅವಳ ಜಾಗದ ಹತ್ತಿರ ಹಾಕುವುದು. ಆಗ ಅವಳಿಲ್ಲದೆ ದೋಣಿ ಹೊರಳದು. ದೊಡ್ಡಮ್ಮ ಅಡುಗೆಮನೆಯಲ್ಲಿ ಮಿಕ್ಸಿಗೆ ತೆಂಗಿನಕಾಯಿ ಹಾಕುತ್ತಿದ್ದಳು. ಬಹಳ ಜಾಣೆಯ ಹಾಗೆ ಎಲ್ಲ ವಿವರಿಸಿದೆ.

“ಗುಂಡಿ ಒತ್ತೂಕೆ ನಾನ್ ಎಂತಕ್ಕೆ?” ಎಂದಳು. “ಒಂದ್ ಮಂಗನ್ನ ಕೂರ್ಸ್, ಅದೂ ಒತ್ತುತ್ತ್.”

ನನಗೆ ನಗು ಬಂತು, ಅವಳು ನಗಲಿಲ್ಲ. ನಿನ್ನ ಭುಜಕ್ಕಾಗಿಯೇ ಮಾಡಿದ್ದು ದೊಡ್ಡಮ್ಮ ಎಂದೆ. ಅವಳು ಮಿಕ್ಸಿಯ ಮುಚ್ಚಳ ತೆಗೆದು, ಬದಿಗೆ ಅಂಟಿದ್ದನ್ನು ಚಮಚದಲ್ಲಿ ಕೆರೆದು, ಮತ್ತೆ ಮುಚ್ಚಿದಳು. ಒತ್ತಲಿಲ್ಲ.

“ಗ್ರೈಂಡರ್ ತಂದದ್ದೂ ನನ್ನ್ ಕೈ ನೋಯ್ತ್ ಅಂದೇ. ಕೈ ನೋವ್ ಹೋಯ್ತ್ ಮಗಾ, ಸುಳ್ಳ್ ಹೇಳೂದಿಲ್ಲ. ಅದ್ರ್ ಒಟ್ಟಿಗೆ ನಾನೂ ಹೋಟ್ಲಿನಿಂದ ಹೋದೆ. ಆಗ್ಳೂ ಯಾರೂ ಕೇಣ್ಲಿಲ್ಲ. ಈಗ ನೀನ್, ನನ್ನ್ ಕಲ್ಲಿನೆದ್ರ್ ಕೂಕಂಡ್ ಮಾತ್ ಕಲ್ತವ್ಳ್, ಒಂದ್ ಮಾತ್ ಕೇಂಡ್ಯಾ?”

ನಾನು ಕೇಳಿರಲಿಲ್ಲ. ಅವಳ ಕೈಯ ಬಲಕ್ಕೆ ಸಮನಾಗಿ ಎಷ್ಟು ದೊಡ್ಡ ಮೋಟರು ಬೇಕೆಂದು ಲೆಕ್ಕ ಹಾಕಿದ್ದೆ. ಎಲ್ಲ ಕಿತ್ತುಬಿಡುತ್ತೇನೆ, ಮೊದಲಿನಂತೆಯೇ ಮಾಡಿಕೊಡುತ್ತೇನೆ ಎಂದೆ. ಹಾಗೆನ್ನುವಾಗಲೇ ಅಂದು ಕಂಡ ಮುಖದ ನೋವು ನೆನಪಿಗೆ ಬಂದು, ಇದೂ ತಪ್ಪೇ ಆಗುತ್ತದಲ್ಲ ಎನ್ನಿಸಿತು. ಅವಳಿಗೆ ಅದು ತಿಳಿದಿರಬೇಕು.

“ನೋಯ್ತಿಲ್ಲ ಅಂದ್ನಾ ನಾನ್? ನೋಯ್ತ್. ಎಲ್ಲಾ ತೆಗೀಬೇಡ. ಒಂದ್ ಬದಿದ್ ತೆಗಿ. ಬಲದ್ ಅವ್ರಿಗಿರ್ಲಿ, ಗುಂಡಿ ಒತ್ತಿ ಕುಣೀಲಿ. ಎಡದ್ ನಂಗೆ.”

ಆಮೇಲೆ ಮಿಕ್ಸಿ ಒತ್ತಿದಳು. ಮಾತು ಮುಗಿಯಿತು.

ಹಿಡಿಕೆಗಾಗಿ ಒಮ್ಮೆ ಸಂಭಾಜಿನಗರಕ್ಕೆ ಹೋಗಿ ಬಂದೆ. ಎಡಬದಿಯ ಮೋಟರು, ಗೇರು ಎರಡನ್ನೂ ಇಳಿಸಿದೆ. ತಂತಿಯ ತೂತಿಗೆ ಒಂದು ತಗಡು ಬಡಿದೆ. ಅದು ಈಗಲೂ ತೇಪೆಯ ಹಾಗೆ ಎದ್ದು ಕಾಣುತ್ತದೆ. ದೊಡ್ಡಪ್ಪ ದಂಡೆಯ ಮೇಲೆ ಕುಳಿತು, ಅರ್ಧ ಎತ್ತಿನ ಗಾಡಿ ಅರ್ಧ ಕಾರು ಎಂದು ಗೇಲಿ ಮಾಡಿದರು. ಆದರೆ ಟಾರ್ಪಾಲು ಬಿಚ್ಚಲು ಅವರೇ ಮೊದಲು ಎದ್ದರು.

ಮುಂದಿನ ಭಾನುವಾರ ಮೂವರೂ ಹೋದೆವು. ಬಲಕ್ಕೆ ಹೊರಳಿದರೆ ಗುರ್ರ್, ಎಡಕ್ಕೆ ಹೊರಳಿದರೆ ಟಕಟಕ. ದೊಡ್ಡಪ್ಪ ತಮ್ಮ ಬದಿಯಲ್ಲಿ ದೋಣಿಯನ್ನು ಚಕ್ಕನೆ ತಿರುಗಿಸಿ ಗುಂಡಿ ಒತ್ತುತ್ತಿದ್ದರು. ಅವಳ ಬದಿ ಬಂದಾಗ ಮಾತ್ರ ಚುಕ್ಕಾಣಿಯನ್ನು ನಿಧಾನಕ್ಕೆ, ಬಹಳ ನಿಧಾನಕ್ಕೆ ಒತ್ತುತ್ತಿದ್ದರು. ಹಾಗೆ ಮಾಡಿದರೆ ಹಾಯಿಗೆ ಗಾಳಿ ತುಂಬುವ ಮೊದಲು ಹಗ್ಗದ ಬಹುಪಾಲು ಸಡಿಲವಾಗಿಯೇ ಕೈಗೆ ಬರುತ್ತದೆ. ಕೊನೆಯ ಬಿಗಿತಕ್ಕಷ್ಟೇ ವಿಂಚ್ ಸಾಕು. ಮೊದಲಿನಿಂದ ಹೀಗೇ ಮಾಡುತ್ತಿದ್ದಿರಾ ಎಂದು ಅವರನ್ನು ಕೇಳಲು ಬಾಯಿ ತೆರೆದೆ. ಅವರು ಹಾಯಿಯ ತುದಿ ನೋಡುವವರಂತೆ ತಲೆಯೆತ್ತಿ, ಬೇಡವೆಂಬಂತೆ ಹುಬ್ಬು ಹಾರಿಸಿದರು. ಮಾಡುತ್ತಿರಲಿಲ್ಲ, ಈಗ ಕಲಿತದ್ದು. ಟಾರ್ಪಾಲು ಹೊದಿಸಿಟ್ಟ ದಿನಗಳಲ್ಲಿ ಅವರೂ ಏನೋ ಯೋಚಿಸಿರಬೇಕು.

ದೊಡ್ಡಮ್ಮ ಹಿಡಿಕೆ ತಿರುಗಿಸುತ್ತ ಕರುವಿನ ಕಥೆ ಎತ್ತಿದಳು. ನೀರು ದಿಬ್ಬಣದವರ ಕಾಲಿನವರೆಗೆ ಏರಿತ್ತು. ಅಂಬಿಗ ಬೈಯುತ್ತಿದ್ದ. ಮದುಮಗಳು ತಾನೇ ದೋಣಿಯಿಂದ ಇಳಿದು ಕರುವಿನ ಹತ್ತಿರ ಹೋದಳು.

“ಹೋಯಿ?” ಎಂದೆ, ಹೋಗಿ ಏನು ಮಾಡಿದಳೆಂದು ತಿಳಿಯಲು.

“ಹೋಯಿ,” ಎಂದಳು, ಅಷ್ಟರಲ್ಲಿ ದೊಡ್ಡಪ್ಪ “ತಿರ್ಗಿಸ್ತೆ” ಎಂದರು.

ಅವಳ ಬದಿಯೇ ಬಂದಿತ್ತು. ಹಗ್ಗ ಎಳೆದಳು, ಸುತ್ತಿದಳು, ಹಿಡಿಕೆ ತಿರುಗಿಸಿದಳು. ಕೊನೆಯ ಬಿಗಿತಕ್ಕೆ ಕೈ ಬದಲಿಸಿ ಎಡಗೈಯಲ್ಲಿ ಮುಗಿಸಿದಳು. ಬಲಗೈ ಭುಜದ ನೋವನ್ನು ಸಂಭಾಳಿಸಿಕೊಳ್ಳುವಂತೆ ತುಸು ಹೊತ್ತು ಮಡಿಲಲ್ಲಿ ಬಿದ್ದುಕೊಂಡಿತ್ತು. ನನ್ನ ಪಕ್ಕದಲ್ಲೇ ಇನ್ನೊಂದು ಬದಿಯ ಮೋಟರು ಸುಮ್ಮನೆ ಕುಳಿತಿತ್ತು. ಎದ್ದು ಹೋಗಿ ಹಿಡಿಕೆ ಇಸಿದುಕೊಳ್ಳಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

“ನೋಯ್ತಿದ್ಯಾ ದೊಡ್ಡಮ್ಮ?” ಎಂದು ಈ ಸಲ ಕೇಳಿದೆ.

“ನೋಯ್ತ್,” ಎಂದಳು. “ಕಥೆ ಕೇಣ್.”