ಟೈಲರ್ ಅಂಗಡಿಯ ಲೈಟ್‌ಹೌಸ್

“ಅಯ್ಯೋ, ಇದು ಹಿಂದೆ ಸಿಗರೇಟ್ ಪ್ಯಾಕಿನೊಳಗೆ ಬರ್ತಿದ್ದ ಕಾರ್ಡು ಅಲ್ವಾ?” ಎಂದುಬಿಟ್ಟೆ. ಆರ್.ಟಿ. ನಗರದ ಟೈಲರ್ ಅಂಗಡಿಗೆ ರವಿಕೆ ಹೊಲಿಯಲು ಕೊಡಲು ಹೋಗಿದ್ದೆ. ಮಷಿನ್ ಮೇಲಿನ ಗೋಡೆಯಲ್ಲಿ, ಗಾಜಿನ ಕಟ್ಟಿನೊಳಗೆ, ಬೆಂಕಿಪೊಟ್ಟಣದಷ್ಟು ಚಿಕ್ಕ ಚಿತ್ರ: ಒಂದು ಬಿಳಿ ಲೈಟ್‌ಹೌಸ್.

ವಯಸ್ಸಾದ ಟೈಲರ್ ಕರೀಂ ಸಾಬರು ನಕ್ಕರು. “ಹೌದಕ್ಕ. ನಮ್ಮಮ್ಮ ಮಸೀದಿ ಮಿನಾರ್ ಅಂದ್ಕೊಂಡು ಕಟ್ಟು ಹಾಕಿಸಿದ್ರು. ಅಪ್ಪ ಕೊನೇವರೆಗೂ ನಿಜ ಹೇಳ್ಲಿಲ್ಲ. ಆದ್ರೆ ಅವತ್ತಿಂದ ಸಿಗರೇಟ್ ಮುಟ್ಲಿಲ್ಲ.”

ಮನೆಗೆ ಬಂದು ನನ್ನ ಬಾಲ್ಯದ ತಗಡಿನ ಡಬ್ಬಿ ತೆರೆದೆ. ಅದೇ ಲೈಟ್‌ಹೌಸ್ ಅದರಲ್ಲೂ ಇತ್ತು. ಇಂಥ ಕಾರ್ಡುಗಳ ಆಸೆಗೆ “ಇನ್ನೊಂದು ಪ್ಯಾಕ್ ತಗೊಂಬಾಪ್ಪಾ” ಎಂದು ದಿನಾ ಕಾಡುತ್ತಿದ್ದವಳು ನಾನು. ಅಪ್ಪ ಕೆಮ್ಮುತ್ತಲೇ ತಂದುಕೊಡುತ್ತಿದ್ದರು.