ಬೆಳ್ಳಗಾದ ತಾಳಿ

ಇವತ್ತು ಮೊಮ್ಮಗಳ ಜ್ವರ ನೋಡುವಾಗ ಹಳೆಯ ಥರ್ಮಾಮೀಟರ್ ಕೈಜಾರಿ ಒಡೆಯಿತು. ಪಾದರಸದ ಗುಂಡುಗಳು ನೆಲದ ಮೇಲೆಲ್ಲ ಓಡಿದವು.

ನಾನು ಚಿಕ್ಕವಳಿದ್ದಾಗ ಮಾರಿಕುಪ್ಪಂ ಹತ್ತಿರ ನಮ್ಮ ಮನೆ. ಅಪ್ಪನಿಗೆ ಚಿನ್ನದ ಗಣಿಯ ಗಿರಣಿಯಲ್ಲಿ ಕೆಲಸ. ಅರೆದ ಕಲ್ಲಿನ ಪುಡಿಯಲ್ಲಿದ್ದ ಚಿನ್ನವನ್ನು ಅಲ್ಲಿ ಪಾದರಸಕ್ಕೆ ಅಂಟಿಸಿ ಹಿಡಿಯುತ್ತಿದ್ದರು. ಒಂದು ಸಂಜೆ ಅಮ್ಮನ ತಾಳಿಗೆ ಸಿಕ್ಕಿಕೊಂಡಿದ್ದ ಕೂದಲನ್ನು ಅಪ್ಪ ಕೈ ತೊಳೆಯದೆಯೇ ಬಿಡಿಸಿದ. ಬೆಳಗ್ಗೆ ನೋಡಿದರೆ ತಾಳಿ ಬೆಳ್ಳಗಾಗಿತ್ತು. ಅಪಶಕುನವೆಂದು ಅಮ್ಮ ಅತ್ತೇಬಿಟ್ಟಳು.

“ಅಳ್ಬ್ಯಾಡ ಕಣೇ. ಚಿನ್ನ ಎಲ್ಲೂ ಓಗಿಲ್ಲ, ಪಾದರಸ ಕುಡ್ಕಂಡೈತೆ ಅಷ್ಟೇ,” ಅಂದ ಅಪ್ಪ.

ಅರಿಶಿನದ ಕೊಂಬು ಕಟ್ಟಿಕೊಂಡು ಅಮ್ಮ ಬಂಗಾರಪೇಟೆಯ ಆಚಾರಿಯ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ.

“ಒಗೆ ಕುಡೀಬ್ಯಾಡಮ್ಮಾ, ದೂರ ನಿಂತ್ಕೊ,” ಎಂದು ನನ್ನನ್ನು ಸರಿಸಿ ಆಚಾರಿ ತಾಳಿಯನ್ನು ಬಯಲಲ್ಲಿಟ್ಟು ಕಾಯಿಸಿದ. ಪಾದರಸ ಹೊಗೆಯಾಗಿ ಹೋಯಿತು; ಚಿನ್ನ ಹಳದಿಗೆ ತಿರುಗಿತು.

ಅಂದಿನಿಂದ ಅಪ್ಪ ಬಾಗಿಲಿಗೆ ಬಂದರೆ ಸಾಕು, ಅಮ್ಮ ಮೊದಲು ತಾಳಿಯನ್ನು ಸೆರಗಿನೊಳಗೆ ಸೇರಿಸುತ್ತಿದ್ದಳು, ಆಮೇಲೆ ಕೈಗೆ ನೀರು ಕೊಡುತ್ತಿದ್ದಳು. ಅಕ್ಕಪಕ್ಕದವರು ಅದನ್ನು ನಾಚಿಕೆ ಅಂದುಕೊಂಡಿದ್ದರು.

“ಚಳಿ ಆಗ್ತಿದೆಯಾ ಅತ್ತೆ?” ಎಂದು ಥರ್ಮಾಮೀಟರ್ ಒಡೆದ ಸದ್ದಿಗೆ ಬಂದ ಸೊಸೆ ಕೇಳಿದಾಗ ನೋಡಿಕೊಂಡೆ. ಸೆರಗನ್ನು ಕೊರಳಿನವರೆಗೆ ಎಳೆದು ತಾಳಿಯನ್ನು ಒಳಗೆ ಬಿಗಿಯಾಗಿ ಹಿಡಿದು ನಿಂತಿದ್ದೆ.