ಬಾಗಿಲ ಹೊರಗೆ ಉಳಿದ ಮೂರಂಗುಲ

ಚರ್ಮ, ಪಾಲಿಶ್ಶಿನ ವಾಸನೆ ಬಂದರೆ ನನಗೆ ಈಗಲೂ ಒಮ್ಮೆ ಕೈ ತೊಳೆದುಕೊಳ್ಳಬೇಕೆನಿಸುತ್ತದೆ. ಮೊನ್ನೆ ಅಕ್ಕ-ಭಾವನ ಜೊತೆ, ಹೆಂಗಸರ ಪಾದರಕ್ಷೆಗಳ ಚರಿತ್ರೆ ಹೇಳುವ ಪ್ರದರ್ಶನಕ್ಕೆ ಹೋದಾಗಲೂ ಹಾಗೇ ಆಯಿತು. ನಮ್ಮ ಮನೆಯಲ್ಲಿ ಹೊಸಿಲು ದಾಟಲು ಬಿಡದಿದ್ದ ಚಪ್ಪಲಿಗಳು ಮ್ಯೂಸಿಯಮ್ಮಿನಲ್ಲಿ ದೀಪ ಹಾಕಿಸಿಕೊಂಡು ಗಾಜಿನೊಳಗೆ ಕೂತಿದ್ದವು. ಎಪ್ಪತ್ತರ ದಶಕದ ಕಪಾಟಿನ ಮುಂದೆ ನಾನು ನಿಂತುಬಿಟ್ಟೆ. ಒಳಗೆ ಕಂದು ಬಣ್ಣದ ಶೂ, ಇಟ್ಟಿಗೆಯಂಥ ಹಿಮ್ಮಡಿ. ಕೈ ತೊಳೆಯುವ ಕಥೆ ಅಂಥದ್ದರಿಂದಲೇ ಶುರುವಾದದ್ದು, ಕೇಳಿ.

ಆಗ ನಾವು ರಾಜಾಜಿನಗರದಲ್ಲಿದ್ದೆವು. ಅಕ್ಕ ಟೈಪಿಸ್ಟ್. ಬುದ್ಧಿ, ಬಾಯಿ ಎರಡೂ ಜೋರು; ಎತ್ತರ ಕೊಡುವಾಗ ಮಾತ್ರ ದೇವರು ಕೈ ಬಿಗಿ ಹಿಡಿದಿದ್ದ. ಕೆಲಸ ಸಿಕ್ಕಿದ್ದೇ ಮೂರಂಗುಲದ ಹೀಲ್ಸ್ ಕೊಂಡು, ನೆರಿಗೆ ಇಳಿಬಿಟ್ಟು ಬಸ್ ಸ್ಟಾಪಿಗೆ ಹೊರಟಳು. ರಸ್ತೆಯ ಆಚೆ ಬದಿ, ವಿಜಯನಗರದ ಬಸ್ಸಿಗೆ ಕಾಯುತ್ತಿದ್ದ ಬೆಲ್‌ಬಾಟಮ್ಮಿನ ಎತ್ತರದ ಹುಡುಗ ಆರು ತಿಂಗಳು ಅವಳನ್ನು ನೋಡಿದ. ಅವಳೂ ನೋಡಿದಳು. ನಡುವೆ ರಸ್ತೆ ಇತ್ತು, ಮಾತಿರಲಿಲ್ಲ. ಕೊನೆಗೆ ಅವನ ಮನೆಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ಅಕ್ಕನಿಗೆ ಜ್ವರ ಬಂದಂತಾಯಿತು. "ಅವ್ರು ಒಪ್ಪಿರೋದು ಉದ್ದದ ಹುಡುಗೀನ ಕಣೇ. ಈ ಕುಳ್ಳೀನ ನೋಡಿದ್ರೆ ಎದ್ದು ಹೋಗ್ತಾರೆ. ಅಮ್ಮಾ, ಇವತ್ತೊಂದಿನ ಒಳಗೂ ಹಾಕ್ಕೊಳ್ಲಾ?"

"ದೇವ್ರ ಮನೆ ಮುಂದೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀಯಾ? ನಡಿಯೇ ಸಾಕು," ಎಂದಳು ಅಮ್ಮ.

ಅವರು ಬಂದು ಕೂತರು. ಅಕ್ಕ ಅಡುಗೆಮನೆಯಿಂದ ತುದಿಗಾಲಲ್ಲೇ ಕಾಫಿ ತಂದಳು. ನಾಲ್ಕನೆಯ ಹೆಜ್ಜೆಗೆ ಕಾಲು ನಡುಗಿ ಅರ್ಧ ಕಾಫಿ ತಟ್ಟೆಗೆ ಬಿತ್ತು, ಹಿಮ್ಮಡಿ ನೆಲಕ್ಕೆ ಬಂತು. ಹುಡುಗ ಅವಳನ್ನು ನೋಡಿ, ಅವಳ ಹಿಂದೆ ಇಣುಕಿ, ಮೆಲ್ಲಗೆ ಕೇಳಿದ: "ನಿಮ್ಮಕ್ಕ ಬರಲ್ವಾ?"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹದಿನಾಲ್ಕರಲ್ಲಿ ಬಾರದ ಆ ಅಭ್ಯಾಸ ನನಗೆ ಇನ್ನೂ ಬಂದಿಲ್ಲ. "ಇವಳೇ ಅಕ್ಕ. ಮಿಕ್ಕ ಮೂರಂಗುಲ ಬಾಗಿಲ ಹೊರಗಿದೆ," ಎಂದೆ.

ಅಕ್ಕನ ಕಣ್ಣು ತುಂಬಿತು. ನನಗೆ ನಿಜವಾಗಿ ಸಂಕಟವಾಯಿತು. ಹೀಲ್ಸ್ ತಂದು ತೋರಿಸಿದರೆ ಎಲ್ಲ ಸರಿಹೋಗುತ್ತದೆಂದು ಹೊರಗೆ ಓಡಿದೆ. ಅವುಗಳ ಪಕ್ಕದಲ್ಲೇ ಹುಡುಗನ ಕಂದು ಬಣ್ಣದ ಶೂ ಇತ್ತು. ಅದರ ಹಿಮ್ಮಡಿ ನಾಲ್ಕಂಗುಲ! ಕೈಗೊಂದರಂತೆ ಎತ್ತಿಕೊಂಡು ನಡುಮನೆಗೆ ನುಗ್ಗಿದೆ.

"ಅಮ್ಮಾ, ಇವ್ರದ್ದೂ ನಾಲ್ಕಂಗುಲ ಹೊರಗೇ ಇತ್ತು!"

ಎಲ್ಲರೂ ಅವನ ಕಾಲು ನೋಡಿದರು. ಬೆಲ್‌ಬಾಟಮ್ ಪಾದಗಳನ್ನು ಮುಚ್ಚಿ ನೆಲದ ಮೇಲೆ ರಾಶಿ ಬಿದ್ದಿತ್ತು. ಅವನು ನಾಚಿಕೊಂಡು ಎದ್ದು ನಿಂತ. ಅಕ್ಕನೂ ಅವನೂ ಸರಿಸಮ. ಅಕ್ಕ ಅಳುತ್ತಿದ್ದವಳು ನಕ್ಕುಬಿಟ್ಟಳು. "ಸರಿಹೋಯ್ತಲ್ಲ ಬಿಡಿ," ಎಂದ ಅವನು. ಸಂಬಂಧ ಅಲ್ಲೇ ಕುದುರಿತು. ನನಗೆ ಮಾತ್ರ ಅಮ್ಮ ಮೂರು ಸಲ ಕೈ ತೊಳೆಸಿದಳು.

ಈಗ ಅಕ್ಕ ನನ್ನ ಪಕ್ಕ ಬಂದು ಗಾಜಿನೊಳಗೆ ಬಗ್ಗಿ ನೋಡಿದಳು. ಚೀಟಿಯ ಮೇಲೆ ‘ಮಹಿಳೆಯರ ಶೂ’ ಎಂದು ಬರೆದಿತ್ತು.

"ರೀ, ಇಲ್ಬನ್ನಿ. ಇದು ನಿಮ್ಮದಲ್ವಾ?"

ಭಾವ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದರು. ಅದೇ ಬಣ್ಣ, ಅದೇ ಹೊಲಿಗೆ, ಪಕ್ಕದಲ್ಲಿ ಅದೇ ಪುಟ್ಟ ಬಕಲ್.

"ಅಂಗಡಿಯವನು ಹೇಳ್ಲೇ ಇಲ್ಲ ಕಣೇ," ಎಂದರು.

ನಕ್ಕು ನಕ್ಕು ನಾನು ಕೈ ತೊಳೆಯುವುದನ್ನೇ ಮರೆತೆ.